ಡ್ರೈವರನ ಪಾಲಿನ ಮೊಟ್ಟೆ

ಪ್ರಥಮ ಚಿಕಿತ್ಸೆ ಕಲಿಸಲು ಹೋದವನೇ ಆ ಬೋಟಿನ ಮೊದಲ ರೋಗಿಯಾದ. ಮಂಗಳೂರು ಬಂದರಿನ ಧಕ್ಕೆಯಿಂದ ಹೊರಟ ಟ್ರಾಲ್ ಬೋಟು, ನದಿ ಕಡಲು ಸೇರುವ ಅಳಿವೆಬಾಗಿಲು ದಾಟಿ ತೆರೆದ ಕಡಲಿಗೆ ಮೂಗು ತೂರಿಸಿದ್ದೇ ತಡ, ನನ್ನ ಹೊಟ್ಟೆ ತನ್ನ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತು. ನಾನು ಬೈಕಂಪಾಡಿಯ ಕಾರ್ಖಾನೆಯೊಂದರ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನಿವೃತ್ತಿಯವರೆಗೆ ದುಡಿದವನು. ಅಲ್ಲಿ ಏನೆಲ್ಲ ಅನಾಹುತವಾದರೂ ನೆಲ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಬೋಟು ಮಾಲೀಕರು ಕೆಲವರು ಸೇರಿ ತಮ್ಮ ಬೋಟುಗಳಿಗೆಲ್ಲ ಒಂದೊಂದು ಔಷಧದ ಪೆಟ್ಟಿಗೆ ಕೊಡಿಸಿ, ಅದರೊಳಗಿನದನ್ನು ಬಳಸುವುದು ಹೇಗೆಂದು ಕಲಿಸಲು ನನ್ನನ್ನು ಗೊತ್ತುಮಾಡಿದ್ದರು. ದಡದಲ್ಲಿ ತರಗತಿ ಇಟ್ಟರೆ ಒಬ್ಬನೂ ಬರುವುದಿಲ್ಲ. ದಡ ಮುಟ್ಟಿದ ಕಲಾಸಿಗೆ, ಅಂದರೆ ಬೋಟಿನ ಆಳಿಗೆ, ಮನೆ ಇದೆ, ನಿದ್ದೆ ಇದೆ, ಹರಿದ ಬಲೆ ಇದೆ. ಕಡಲಿನಲ್ಲಾದರೆ ತರಗತಿಗೆ ಚಕ್ಕರ್ ಹೊಡೆದು ಹೋಗಲು ಜಾಗವಿಲ್ಲ ಎಂಬುದು ಮಾಲೀಕರ ಘನವಾದ ಆಲೋಚನೆ. ಶಿಕ್ಷಕನಿಗೂ ಆ ಸೌಲಭ್ಯ ಇರುವುದಿಲ್ಲ ಎಂಬುದನ್ನು ಅವರು ಹೇಳಿರಲಿಲ್ಲ.

ಹೊರಡುವಾಗಲೇ ತಾಂಡೇಲನಿಗೂ ನನಗೂ ಒಂದು ಭಿನ್ನಾಭಿಪ್ರಾಯವಾಗಿತ್ತು. ತಾಂಡೇಲನೆಂದರೆ ಬೋಟಿನ ಚುಕ್ಕಾಣಿ ಹಿಡಿಯುವವನು, ಅಲ್ಲಿನ ಸರಕಾರವೂ ಅವನೇ. ಉಸಿರು ಕೊಡುವುದನ್ನು ಕಲಿಸಲೆಂದು ನಾನು ಸೊಂಟದವರೆಗಿನ ಒಂದು ರಬ್ಬರ್ ಬೊಂಬೆ ತಂದಿದ್ದೆ.

"ಇದೆಂತ ಪೊರ್ಬುಲೇ? ಹೆಣದ ಹಾಗೆ ಉಂಟಲ್ಲ?"

ಕೊಂಕಣಿ ಮಾತಾಡುವ ನಮ್ಮ ಕ್ರಿಶ್ಚಿಯನ್ನರನ್ನು ತುಳುವರು ಗೌರವದಿಂದ ಕರೆಯುವುದು ಪೊರ್ಬುಲು ಎಂದು. ಗೌರವ ಅಲ್ಲಿಗೇ ಮುಗಿಯಿತು.

"ಕಲಿಸ್ಲಿಕ್ಕೆ. ಬರೇ ಬೊಂಬೆ," ಎಂದೆ.

"ಬೊಂಬೆಯೋ ಎಂತದೋ. ಕಣ್ಣು ಮುಚ್ಚಿ ಬಾಯಿ ಬಿಟ್ಟು ಮಲಗಿದ್ದನ್ನು ನಾನು ಬೋಟಿಗೆ ಹತ್ತಿಸುದಿಲ್ಲ. ಮಾಲೀಕರು ಹೇಳಿದ್ರೂ ಇಲ್ಲ, ನಿಮ್ಮ ಬಿಷಪ್ರು ಬಂದು ಹೇಳಿದ್ರೂ ಇಲ್ಲ."

ಬೊಂಬೆ ಧಕ್ಕೆಯ ಐಸ್ ಅಂಗಡಿಯಲ್ಲಿ ಉಳಿಯಿತು. ಅದರ ಜೊತೆಗಿದ್ದ ಮುಖವಾಡ ಮತ್ತು ಕೈಯಿಂದ ಒತ್ತಿ ಗಾಳಿ ತುಂಬುವ ರಬ್ಬರ್ ಚೀಲ ಮಾತ್ರ ಪಂಪಿನ ಜಾತಿಗೆ ಸೇರಿದವೆಂದು ಪರಿಗಣಿತವಾಗಿ ಬೋಟು ಹತ್ತಿದವು.

ತರಗತಿ ನಡೆಸಿದ್ದು ಹೀಗೆ: ಚುಕ್ಕಾಣಿ ಕೋಣೆಯ ಗೋಡೆಗೆ ಒರಗಿದ ನಾನು, ತೊಡೆಯ ಮೇಲೆ ಒಂದು ಬಕೆಟು, ಎದುರಿಗೆ ಬಲೆಯ ರಾಶಿಯ ಮೇಲೆ ವಿದ್ಯಾರ್ಥಿವೃಂದ. ಗಾಯ, ಸುಟ್ಟದ್ದು, ಮುಳುಗಿದ್ದು ಎಲ್ಲ ಮುಗಿಸಿ ವಿಷ ನುಂಗಿದವರ ವಿಷಯಕ್ಕೆ ಬಂದೆ. "ಮೊದಲ ಪಾಠ, ವಾಂತಿ ಮಾಡಿಸ್ಲಿಕ್ಕೆ ಹೋಗ್ಬಾರ್ದು," ಎಂದವನೇ ಬಕೆಟಿಗೆ ಬಗ್ಗಿದೆ.

ಇಂಜಿನ್ ಡ್ರೈವರ ಬಹಳ ಗಂಭೀರವಾಗಿ ಕೇಳಿದ: "ಪೊರ್ಬುಲೇ, ನಮ್ಗೆ ಬೇಡ ಅಂತೀರಿ. ನೀವು ಮಾತ್ರ ಬಿಡುದೇ ಇಲ್ಲ?"

ಆ ಬೋಟಿನ ನಗೆಯ ಗುತ್ತಿಗೆ ಅವನದು. ಇಂಜಿನ್ ಕೋಣೆಯಿಂದ ಎಣ್ಣೆ ಮೆತ್ತಿದ ತಲೆ ಹೊರಗೆ ಹಾಕಿ ಯಾರನ್ನಾದರೂ ಕೆಣಕಿ ಮತ್ತೆ ಒಳಗೆ ಹೋಗುವನು. ಅವನ ಹೆಂಡತಿಯ ತಮ್ಮನೂ ಅದೇ ಬೋಟಿನಲ್ಲಿದ್ದ. ಇವನು ಅವನನ್ನು, ಅವನು ಇವನನ್ನು "ಭಾವ" ಎಂದು ಕರೆಯುತ್ತಿದ್ದರು. ಕ್ರಮೇಣ ಬೋಟಿನವರೆಲ್ಲ ಆ ತಮ್ಮನನ್ನು ಭಾವ ಎಂದೇ ಕರೆಯತೊಡಗಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಇನ್ನು ಮೂರು ನಾಲ್ಕು ಕಲಾಸಿಗಳು, ಮತ್ತೆ ಒಬ್ಬ ಅಡುಗೆಯವನು. ಅವನು ಕುಮಟೆ ಕಡೆಯವನಾದ್ದರಿಂದ, ಅವನಿಗೂ ತಿಳಿಯಲೆಂದು ಅಲ್ಲಿನ ಮಾತುಕತೆ ತುಳುವಿನಿಂದ ಕನ್ನಡಕ್ಕೆ ಆಗಾಗ ದಾಟುತ್ತಿತ್ತು.

ಬೋಟಿನಲ್ಲಿ ಊಟದ ಮೀನಿಗೆ ಒಂದು ಅಲಿಖಿತ ಸಂವಿಧಾನವಿದೆ. ಮಾರುವ ಮೀನು ಐಸಿಗೆ, ಜಜ್ಜಿಹೋದದ್ದು ಒಲೆಗೆ. ಒಲೆಗೆ ಬಂದ ಮೀನಿನೊಳಗೆ ಮೊಟ್ಟೆಯ ಚೀಲ ಸಿಕ್ಕರೆ ಅದು ಈ ಬೋಟಿನಲ್ಲಿ ಇಂಜಿನ್ ಡ್ರೈವರನ ಪಾಲು. ಇಡೀ ದಿನ ಬಿಸಿಯಲ್ಲೂ ಸದ್ದಿನಲ್ಲೂ ಬೇಯುವವನಿಗೆ ಪರಿಹಾರ. ಈ ಕಾನೂನು ತಂದವರು ಯಾರೆಂದು ಯಾರಿಗೂ ತಿಳಿಯದು, ತಿದ್ದುಪಡಿ ತರುವ ಧೈರ್ಯವೂ ಯಾರಿಗಿಲ್ಲ. ಇನ್ನೊಂದು ಕಲಮು: ಬಲೆ ಕೆಳಗೆ ಎಳೆಯುತ್ತಿರುವಾಗ ಕೈ ಖಾಲಿ ಇದ್ದವನು ಗಾಳ ಹಾಕಬಹುದು, ಗಾಳದ ಮೀನು ಅವನ ಸ್ವಂತದ್ದು. ಭಾವನಿಗೆ ಈ ಕಲಮಿನ ಮೇಲೆ ಅಪಾರ ಭಕ್ತಿ.

ಎರಡನೆಯ ದಿನ ಮಧ್ಯಾಹ್ನ ಅಡುಗೆಯವನು ಬಂಗುಡೆ ಸಾರು ಮಾಡಿ, ಡ್ರೈವರನ ಪಾಲಿನ ಮೊಟ್ಟೆಯನ್ನು ಮೆಣಸು ಹಚ್ಚಿ ಕಾಯಿಸಿಕೊಟ್ಟ. ಡ್ರೈವರ ತಟ್ಟೆಯನ್ನು ನನ್ನ ಮೂಗಿನ ಹತ್ತಿರ ತಂದು, "ಒಂದು ತುಂಡು ಪೊರ್ಬುಲೇ? ನಿಮ್ಮ ಜನಕ್ಕೆ ಮೀನಿನ ಮೊಟ್ಟೆ, ಗಾಬೊಳಿ, ಅಂದ್ರೆ ಪ್ರಾಣ ಅಲ್ವಾ?" ಎಂದ. ನಾನು ಬಕೆಟಿನ ಕಡೆಗೆ ತಿರುಗಿಕೊಂಡೆ. ಅಂದು ನನ್ನ ಜೀವ ಉಳಿಸಿದ್ದು ನನ್ನ ವಿದ್ಯೆಯಲ್ಲ.

ಊಟವಾಗಿ ಸ್ವಲ್ಪ ಹೊತ್ತಿಗೆ ಡ್ರೈವರ ತುಟಿ ಉಜ್ಜಿಕೊಳ್ಳುತ್ತ ಮೇಲೆ ಬಂದ.

"ತುಟಿ ಎಂತದೋ ಜುಂ ಅಂತದೆ."

"ಎಲೆಗೆ ಸುಣ್ಣ ಜಾಸ್ತಿ ಹಾಕಿದ್ದಿ ಭಾವ," ಎಂದ ಗಾಳ ಹಿಡಿದು ಕೂತಿದ್ದ ಭಾವ, ತಿರುಗಿಯೂ ನೋಡದೆ.

ಮತ್ತೆ ಬಂದಾಗ ಬೆರಳ ತುದಿ ಜುಮುಗುಡುತ್ತದೆ ಎಂದ. ಅದರ ನಂತರದ ಸಲ ಏಣಿ ಹತ್ತುವಾಗ ಅವನ ಕಾಲು ಮೆಟ್ಟಿಲನ್ನು ಹುಡುಕುತ್ತಿತ್ತು. ತಾಂಡೇಲ ಚುಕ್ಕಾಣಿಯನ್ನು ಬೇರೆಯವನ ಕೈಗೆ ಕೊಟ್ಟು ಬಂದು ಡ್ರೈವರನ ಬಾಯಿ ಮೂಸಿ ನೋಡಿದ.

"ನನ್ನ ಬೋಟಲ್ಲಿ ಬಾಟ್ಲಿ ತಂದಿದ್ದೀಯಾ?"

"ಇಲ್ಲ ಅಣ್ಣಾ," ಎಂದ ಡ್ರೈವರ. ಆ ಎರಡು ಶಬ್ದಗಳೂ ಬಟ್ಟೆ ಸುತ್ತಿಕೊಂಡು ಹೊರಬಂದವು. ಬಾಯಿಯಿಂದ ಬಂದದ್ದು ಮೀನಿನ ವಾಸನೆ ಮಾತ್ರ.

ಎರಡು ದಿನಗಳಲ್ಲಿ ಮೊದಲ ಬಾರಿಗೆ ನಾನು ಬಕೆಟಿಲ್ಲದೆ ಎದ್ದು ನಿಂತೆ. ಕಾರ್ಖಾನೆಯಲ್ಲಿ ಕಲಿತ ಒಂದು ಅಭ್ಯಾಸ ಉಳಿದಿತ್ತು: ರೋಗಿಯನ್ನು ಮಲಗಿಸುವ ಮೊದಲು ಅವನೇನು ಮುಟ್ಟಿದ, ಏನು ನುಂಗಿದ ಎಂದು ಕೇಳುವುದು. ಆಮೇಲೆ ಕೇಳಿದರೆ ಉತ್ತರ ಕೊಡಲು ಅವನು ಇರುವುದಿಲ್ಲ. ಅನ್ನ, ಸಾರು, ನೀರು ಎಲ್ಲರಿಗೂ ಒಂದೇ. ಮೊಟ್ಟೆ ಅವನೊಬ್ಬನಿಗೆ.

"ಬೇರೆ ಯಾರಾದ್ರೂ ಆ ಮೊಟ್ಟೆ ಬಾಯಿಗೆ ಹಾಕಿದ್ದಾರಾ?"

ಒಬ್ಬೊಬ್ಬರಾಗಿ ಇಲ್ಲವೆಂದು ತಲೆಯಾಡಿಸಿದರು. ಕೊನೆಗೆ ಅಡುಗೆಯವನು ಪೊಲೀಸರ ಮುಂದೆ ನಿಂತವನಂತೆ ಹೇಳಿದ: "ಉಪ್ಪು ನೋಡ್ಲಿಕ್ಕೆ ಸ್ವಲ್ಪ ಚೂರು ಮುರಿದು ಹಾಕ್ಕೊಂಡಿದ್ದೆ ಸರ್. ಆವಾಗಿಂದ ನಾಲಿಗೆ ತುದಿಗೆ ಜೀವವೇ ಇಲ್ಲ. ಹೇಳಿದ್ರೆ ಬಯ್ತಾರೆ ಅಂತ ಸುಮ್ಮನಿದ್ದೆ."

ಭಾವ ಗಾಳದ ಹಗ್ಗವನ್ನು ಕೈಬಿಟ್ಟ. ಅದು ಸರಸರನೆ ಕಡಲಿಗೆ ಓಡಿತು. ಅವನು ನೋಡುತ್ತಿದ್ದುದು ಮೀನು ಕೊಯ್ಯುವ ಹಲಗೆಯನ್ನು. ಬೋಟಿನಲ್ಲಿ ಇದ್ದದ್ದು ಅದೊಂದೇ ಹಲಗೆ.

"ಬೆಳಿಗ್ಗೆ ಅದ್ರಲ್ಲಿ ಚೆಂಡು ಕೊಯ್ದೆ," ಎಂದ. "ಗಾಳಕ್ಕೆ."

ಚೆಂಡೆಂದರೆ ಹಿಡಿದರೆ ಹೊಟ್ಟೆಯನ್ನು ಚೆಂಡಿನಂತೆ ಊದಿಸಿಕೊಳ್ಳುವ ಮೀನು. ಬಲೆಗೆ ಬಿದ್ದರೆ ಯಾರೂ ಕೊಳ್ಳುವುದಿಲ್ಲ, ಯಾರೂ ತಿನ್ನುವುದಿಲ್ಲ. ಅದರೊಳಗೆ ವಿಷವಿದೆಯೆಂದು ಅಲ್ಲಿದ್ದವರೆಲ್ಲರಿಗೂ ಗೊತ್ತು. ಆದರೆ ಅದರ ಮಾಂಸ ಗಟ್ಟಿ, ಗಾಳದ ಮುಳ್ಳಿನಿಂದ ಬೇಗ ಕಳಚುವುದಿಲ್ಲ. ಭಾವ ಅದರ ತಲೆಯನ್ನೂ ಕರುಳನ್ನೂ ಕಡಲಿಗೆಸೆದು ಮಾಂಸವನ್ನು ಮಾತ್ರ ತೆಗೆದುಕೊಂಡಿದ್ದ. ಮೊಟ್ಟೆಯ ಚೀಲವನ್ನೂ ಎಸೆದೆನೆಂದು ತಿಳಿದಿದ್ದ. ಅದು ಹಲಗೆಯ ಅಂಚಿನಲ್ಲಿ ಉಳಿದಿತ್ತು. ಆಮೇಲೆ ಅಲ್ಲೇ ಬಂಗುಡೆ ಕೊಯ್ದ ಅಡುಗೆಯವನು, ಸಂವಿಧಾನವನ್ನು ಚಾಚೂ ತಪ್ಪದೆ ಪಾಲಿಸಿ, ಇದ್ದ ಮೊಟ್ಟೆಯನ್ನೆಲ್ಲ ಬಾಚಿ ಡ್ರೈವರನ ಪಾಲಿಗೆ ಹಾಕಿದ್ದ.

ಈ ವಿಷದ ಬಗ್ಗೆ ನನಗೆ ಗೊತ್ತಿದ್ದದ್ದು ಸ್ವಲ್ಪ. ಕಾಯಿಸಿದರೆ ಅದು ಸಾಯುವುದಿಲ್ಲ. ಅದಕ್ಕೆ ಪ್ರತಿವಿಷ ಇಲ್ಲ. ಅದು ತಲೆಯನ್ನು ಮುಟ್ಟುವುದಿಲ್ಲ, ಎಚ್ಚರ ಹಾಗೇ ಇರುತ್ತದೆ; ಸ್ನಾಯುಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರುತ್ತದೆ, ಕೊನೆಗೆ ಉಸಿರಿನದ್ದನ್ನು. ಅಷ್ಟು ಹೊತ್ತು ಬೇರೆ ಯಾರಾದರೂ ಅವನ ಪರವಾಗಿ ಉಸಿರಾಡಿದರೆ ವಿಷ ತಾನಾಗಿ ದೇಹದಿಂದ ಇಳಿದು ಅವನು ಎದ್ದು ಕೂರುತ್ತಾನೆ. ಅಂದರೆ ಚಿಕಿತ್ಸೆ ಬಹಳ ಸರಳ, ಅವನು ಸಾಯದಂತೆ ನೋಡಿಕೊಳ್ಳುವುದು. ಮಂಗಳೂರಿನಲ್ಲಿ ಅದಕ್ಕೆ ಯಂತ್ರಗಳಿವೆ. ಬಸ್‌ಸ್ಟಾಪುಗಳಿಗಿಂತ ಆಸ್ಪತ್ರೆಗಳೇ ಹೆಚ್ಚಿರುವ ಊರು ಅದು. ಆದರೆ ದಡ ಕಣ್ಣಿಗೆ ಕಾಣದಷ್ಟು ದೂರವಿತ್ತು, ಮತ್ತು ಆಸ್ಪತ್ರೆಗಳು ಈಜಿ ಬರುವುದಿಲ್ಲ.

ಅಷ್ಟರಲ್ಲಿ ಅಡುಗೆಯವನು ಒಂದು ಚೊಂಬು ಉಪ್ಪುನೀರು ತಂದಿದ್ದ. ಭಾವ ಅದನ್ನು ಕಸಿದುಕೊಂಡು ಡ್ರೈವರನ ಗಲ್ಲ ಹಿಡಿದ. ನಾನು ಅವನ ಕೈ ಹಿಡಿದೆ.

"ಬೇಡ."

"ವಿಷ ಒಳಗೆ ಉಂಟು! ತೆಗಿಬೇಡ ಅಂದ್ರೆ ಎಂತ ಮಾರಾಯ್ರೇ? ನಿಮ್ಮ ಪಾಠ ನೀವೇ ಇಟ್ಕೊಳ್ಳಿ!"

ಅವನ ತೋಳು ಬಲೆ ಎತ್ತುವ ವಿಂಚಿನ ಹಗ್ಗ ಎಳೆದು ಬೆಳೆದದ್ದು, ನನ್ನದು ಬ್ಯಾಂಡೇಜ್ ಸುತ್ತಿ. ನಾನು ಡ್ರೈವರನಿಗೆ ಹೇಳಿದೆ, "ಒಮ್ಮೆ ಉಗುಳು ನುಂಗು ನೋಡುವ." ಅವನು ಕಣ್ಣು ಮುಚ್ಚಿ ಪ್ರಯತ್ನಿಸಿದ. ಉಗುಳು ತುಟಿಯ ಅಂಚಿನಿಂದ ಗಲ್ಲದ ಮೇಲಿಳಿಯಿತು.

"ನೋಡಿದೆಯಾ? ಉಗುಳು ನುಂಗ್ಲಿಕ್ಕೆ ಆಗದವನ ಬಾಯಿಗೆ ನೀರು ಹೊಯ್ದ್ರೆ, ವಾಂತಿ ಬಂದ್ರೆ, ಅದು ಹೋಗುದು ಶ್ವಾಸಕೋಶಕ್ಕೆ. ವಿಷಕ್ಕಿಂತ ಮೊದ್ಲು ನಾವೇ ಕೊಂದ ಹಾಗೆ ಆಗ್ತದೆ."

ಭಾವ ಚೊಂಬನ್ನು ನೀರು ಸಮೇತ ಕಡಲಿಗೆ ಎಸೆದ.

ಬಲೆ ಇನ್ನೂ ಕೆಳಗಿತ್ತು. ಬಲೆ ಎಳೆಯುವ ಬೋಟು ನಡೆಯುವ ಮನುಷ್ಯನಿಗಿಂತ ವೇಗವಾಗಿ ಹೋಗದು. ವಿಂಚು ತಿರುಗಿಸಿ ಬಲೆಯನ್ನು ಮೇಲೆತ್ತುವಷ್ಟರಲ್ಲಿ ಇವನ ಕತೆ ಮುಗಿದಿರುತ್ತಿತ್ತು. ಎಲ್ಲರೂ ತಾಂಡೇಲನ ಮುಖ ನೋಡಿದರು. ಬಲೆಯನ್ನು ಕಡಲಿನಲ್ಲಿ ಬಿಟ್ಟುಬಂದ ತಾಂಡೇಲನನ್ನು ಧಕ್ಕೆಯಲ್ಲಿ ಜನ ಹೇಗೆ ನೋಡುತ್ತಾರೆಂದು ಅವನಿಗೆ ಗೊತ್ತಿತ್ತು.

"ಹಗ್ಗ ಬಿಚ್ಚಿ ತುದಿಗೆ ಕ್ಯಾನು ಕಟ್ಟಿ ಕಡಲಿಗೆ ಬಿಡಿ," ಎಂದ. "ಜಾಗ ಜಿಪಿಎಸ್‌ನಲ್ಲಿ ಗುರ್ತು ಹಾಕ್ತೇನೆ. ಬಲೆ ಎಲ್ಲಿಗೂ ಓಡಿ ಹೋಗುದಿಲ್ಲ."

ಖಾಲಿ ಕ್ಯಾನುಗಳು ನೀರಿನ ಮೇಲೆ ತೇಲಿ ಹಿಂದುಳಿದವು. ಇಂಜಿನ್ ತನ್ನ ಪೂರ್ತಿ ಧ್ವನಿಯಲ್ಲಿ ಅರಚತೊಡಗಿತು. ತಾಂಡೇಲ ವಯರ್‌ಲೆಸ್ಸಿನಲ್ಲಿ ದಡದ ಕಡೆಗಿದ್ದ ಇನ್ನೊಂದು ಬೋಟನ್ನು ಹಿಡಿದ. ಆ ಬೋಟಿನವರು ಮಾಲೀಕರಿಗೆ, ಮಾಲೀಕರು ಆಸ್ಪತ್ರೆಗೆ ಹೇಳಿದರು. ಕರಾವಳಿ ಕಾವಲುಪಡೆಯ ದೋಣಿಗೂ ಸುದ್ದಿ ಮುಟ್ಟಿತು. ಅದು ಬಹಳ ಉತ್ತರಕ್ಕಿತ್ತು, ಅದನ್ನು ಕಾಯುವುದಕ್ಕಿಂತ ನಾವು ಬರುವುದೇ ಬೇಗ ಎಂದು ತೀರ್ಮಾನವಾಯಿತು. ಡಾಕ್ಟರ ಉತ್ತರ ಅದೇ ದಾರಿಯಲ್ಲಿ ಹಿಂದೆ ಬಂತು: ಬಾಯಿಗೆ ಏನೂ ಕೊಡಬೇಡಿ, ಉಸಿರು ನಿಲ್ಲಲು ಬಿಡಬೇಡಿ, ತಿಂದದ್ದರಲ್ಲಿ ಉಳಿದದ್ದನ್ನು ತನ್ನಿ. ಸುದ್ದಿ ದಾಟಿಸಿದ ಬೋಟಿನ ತಾಂಡೇಲ ಕೊನೆಗೆ ತನ್ನದೂ ಸೇರಿಸಿದ: "ನನ್ನ ಲೆಕ್ಕದಲ್ಲಿ ಬಾಳೆದಿಂಡಿನ ರಸ ಒಳ್ಳೆದು." ಕಡಲ ಮಧ್ಯೆ ಬಾಳೆತೋಟ ಎಲ್ಲಿದೆಯೆಂದು ಅವನು ಹೇಳಲಿಲ್ಲ. ಬಾಣಲೆಯಲ್ಲಿ ಉಳಿದ ಚೂರನ್ನು ಡಬ್ಬಿಗೆ ಹಾಕಿ ಐಸಿನಲ್ಲಿಟ್ಟೆವು. ಅಡುಗೆಯವನನ್ನು ಕಣ್ಣೆದುರಿಗೇ ಕೂರಿಸಿಕೊಂಡೆ. ಅವನ ಜುಮುಗುಡುವಿಕೆ ನಾಲಿಗೆಯಿಂದ ಮುಂದೆ ಹೋಗಲಿಲ್ಲ.

ಡ್ರೈವರನನ್ನು ಡೆಕ್ಕಿನ ಮೇಲೆ ಎಡಮಗ್ಗುಲಿಗೆ ಮಲಗಿಸಿ, ಒಂದೇ ಉಸಿರಿಗೆ ಎಷ್ಟು ಎಣಿಸಬಲ್ಲೆ ಎಂದು ಆಗಾಗ ಕೇಳುತ್ತಿದ್ದೆ. ಉಸಿರಿನ ಬಲ ಅಳೆಯಲು ನನ್ನ ಬಳಿ ಇದ್ದ ಯಂತ್ರ ಅದೊಂದೇ. ಮೊದಲು ಇಪ್ಪತ್ತು ದಾಟಿದ. ಆಮೇಲೆ ಹತ್ತಕ್ಕೆ ನಿಂತ. ಕೊನೆಗೆ ಮೂರು ಎಂಬುದು ತುಟಿಯ ಆಕಾರದಲ್ಲಿ ಮಾತ್ರ ಇತ್ತು. ಅವನನ್ನು ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ದವಡೆ ಎತ್ತಿ, ಎರಡೂ ಕೈಯಿಂದ ಮುಖವಾಡವನ್ನು ಒತ್ತಿ ಹಿಡಿದೆ. ಚೀಲ ಒತ್ತುವ ಕೆಲಸಕ್ಕೆ ಭಾವ ಕೂತ.

ಅವನು ಒತ್ತಿದ ರಭಸಕ್ಕೆ ಲಾರಿಯ ಟಯರಾದರೂ ತುಂಬುತ್ತಿತ್ತು. "ಮೆಲ್ಲ! ಎದೆ ಸ್ವಲ್ಪ ಎದ್ರೆ ಸಾಕು. ಹೆಚ್ಚಾದ ಗಾಳಿ ಹೊಟ್ಟೆಗೆ ಹೋಗ್ತದೆ," ಎಂದೆ. ಮೆಲ್ಲಗೆ ಒತ್ತಿದಾಗ ಬೇಗಬೇಗ ಒತ್ತಿದ. ಎಣಿಸಿಕೊಂಡು ಒತ್ತೆಂದರೆ ಎಣಿಕೆಯೂ ಓಡುತ್ತಿತ್ತು. ಬಲೆ ಎಳೆಯುವ ಐಲೇಸದ ಲಯ ಅವನ ಮೈಯಲ್ಲಿ ಕೂತಿತ್ತು. ಅದು ಉಸಿರಿನ ಲಯವಲ್ಲ.

ಆಗ ನನ್ನ ಹೊಟ್ಟೆ ಸಹಾಯಕ್ಕೆ ಬಂತು. ಎರಡು ದಿನಗಳಿಂದ ಆ ಬೋಟು ಅಲೆಯ ಮೇಲೆ ಏಳುವುದು, ಇಳಿಯುವುದು ಅದಕ್ಕೆ ಬಾಯಿಪಾಠವಾಗಿತ್ತು. ಒಂದು ಏಳುವಿಕೆಯಿಂದ ಇನ್ನೊಂದಕ್ಕೆ ಸರಿಸುಮಾರು ಒಬ್ಬ ನೆಮ್ಮದಿಯ ಮನುಷ್ಯನ ಉಸಿರಿನಷ್ಟೇ ಅಂತರ.

"ಬೋಟು ಏಳುವಾಗ ಒತ್ತು. ಇಳಿಯುವಾಗ ಬಿಡು. ಬೇರೆ ಎಂತದೂ ಎಣಿಸ್ಬೇಡ."

ಅದು ಅವನಿಗೆ ತಕ್ಷಣ ಬಂತು. ಅವನ ಮೊಣಕಾಲಿಗೆ ಗೊತ್ತಿದ್ದ ಭಾಷೆ ಅದು. ಎಲ್ಲರೂ ಸರದಿಯ ಮೇಲೆ ಕೂತರು. ಭಾವ ಮಾತ್ರ ತನ್ನ ಸರದಿ ಮುಗಿದರೂ ಏಳುತ್ತಿರಲಿಲ್ಲ, ಎಬ್ಬಿಸಬೇಕಾಗುತ್ತಿತ್ತು.

ಎಲ್ಲ ಒಂದು ಹದಕ್ಕೆ ಬಂತೆನ್ನುವಾಗ ಇಂಜಿನ್ ಬಿಸಿಯಾಯಿತು. ಚುಕ್ಕಾಣಿ ಕೋಣೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಆ ಇಂಜಿನ್ನಿನ ಸ್ವಭಾವ ತಿಳಿದಿದ್ದವನು ಒಬ್ಬನೇ, ಅವನ ಮುಖ ನನ್ನ ಕೈಯಲ್ಲಿತ್ತು. ರೆಪ್ಪೆ ಮಾತ್ರ ಇನ್ನೂ ತುಸು ಅವನ ಮಾತು ಕೇಳುತ್ತಿತ್ತು. ತಾಂಡೇಲ ಬಂದು ಮಂಡಿಯೂರಿದ.

"ಇಂಜಿನ್ ಬಿಸಿ ಆಗ್ತಾ ಉಂಟು. ನಾನು ಕೇಳ್ತೇನೆ, ಹೌದಾದ್ರೆ ಕಣ್ಣು ಮುಚ್ಚು. ಬೆಲ್ಟಾ?"

ಕಣ್ಣು ತೆರೆದೇ ಇತ್ತು.

"ಆಯಿಲಾ?"

ಇಲ್ಲ.

"ಕಡಲ ನೀರು ಎಳೆಯುವ ಬಾಯಿಯಾ?"

ರೆಪ್ಪೆ ನಿಧಾನವಾಗಿ ಇಳಿಯಿತು.

"ಅದು ತನ್ನಷ್ಟಕ್ಕೇ ಮುಚ್ಚಿದ್ದೋ ಏನೋ," ಎಂದ ಅಡುಗೆಯವನು.

"ಮತ್ತೊಮ್ಮೆ ಮುಚ್ಚು ಮಾರಾಯ."

ಮತ್ತೊಮ್ಮೆ ಇಳಿಯಿತು. ಕೆಳಗೆ ಹೋಗಿ ನೋಡಿದರೆ ಇಂಜಿನ್ ತಣಿಸುವ ನೀರು ಒಳಬರುವ ಜಾಲರಿಗೆ ಪ್ಲಾಸ್ಟಿಕ್ ಚೀಲವೊಂದು ಅಂಟಿ ಕೂತಿತ್ತು. ಅದನ್ನು ಕಿತ್ತು ಹಾಕಿದ ಮೇಲೆ ಮುಳ್ಳು ಒಲ್ಲದ ಮನಸ್ಸಿನಿಂದ ಹಿಂದೆ ಸರಿಯಿತು. ತನ್ನನ್ನು ಹೊತ್ತೊಯ್ಯುವ ಗಾಡಿಯನ್ನು ತಾನೇ ರಿಪೇರಿ ಮಾಡಿಸಿದ ರೋಗಿಯನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಅದು ಅವನ ಕೊನೆಯ ಚಲನೆ. ಆಮೇಲೆ ರೆಪ್ಪೆಯೂ ನಿಂತಿತು. ಯಾರೋ ಒಬ್ಬ ಹೊಸ ಸರದಿಯವನು ಜೋರಾಗಿ ಒತ್ತಿದ್ದಕ್ಕೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂತು. ಹೊರಳಿಸಿ, ಬೆರಳಿಗೆ ಬಟ್ಟೆ ಸುತ್ತಿ ಬಾಯಿ ಒರಸಿ, ಮತ್ತೆ ಅಂಗಾತ ಮಾಡಿ ಮುಂದುವರಿಸಿದೆವು. ಟಾರ್ಚು ಬಿಟ್ಟು ನೋಡಿದರೆ ಕಣ್ಣಿನ ಪಾಪೆ ಅಗಲವಾಗಿ ತೆರೆದು ನಿಂತಿತ್ತು, ಬೆಳಕಿಗೆ ಕುಗ್ಗಲಿಲ್ಲ. ಅದನ್ನು ನನ್ನ ಜೊತೆಗೆ ಉಳಿದವರೂ ನೋಡಿದರು. ಒಬ್ಬ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಮುಗೀತು ಸರ್," ಎಂದ ಅಡುಗೆಯವನು ಮೆಲ್ಲಗೆ. "ಹೆಣಕ್ಕೆ ಗಾಳಿ ಹಾಕ್ತಾ ಇದ್ದೇವೆ."

"ಅಕ್ಕನಿಗೆ ಎಂತ ಹೇಳುದು ನಾನು?" ಎಂದ ಭಾವ. ಅವನ ಕೈ ಚೀಲದ ಮೇಲೆ ಸುಮ್ಮನಾಯಿತು. ಬೋಟು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಅವನು ಒತ್ತಲಿಲ್ಲ.

"ಒತ್ತು!" ಎಂದೆ. ಒತ್ತಿದ. ಆದರೆ ಅದು ನನ್ನ ಸಮಾಧಾನಕ್ಕೆ ಒತ್ತಿದ್ದೆಂದು ತಿಳಿಯುತ್ತಿತ್ತು.

ಈ ವಿಷದಲ್ಲಿ ಪಾಪೆ ಹಾಗಾಗಬಹುದೆಂದು ಕೇಳಿದ್ದೆ. ಹೃದಯ ನಿಂತರೂ ಹಾಗೇ ಆಗುತ್ತದೆ. ಹೃದಯ ನಿಂತಿದ್ದರೆ ಎದೆಯನ್ನು ಒತ್ತಬೇಕು. ನಿಂತಿಲ್ಲದಿದ್ದರೆ ಒತ್ತಬಾರದು. ಯಾವುದೆಂದು ಹೇಳಬಲ್ಲದ್ದು ಕುತ್ತಿಗೆಯ ನಾಡಿ. ಮುಖವಾಡವನ್ನು ಒಬ್ಬ ಕಲಾಸಿಯ ಕೈಗೆ ಕೊಟ್ಟು ಬೆರಳಿಟ್ಟೆ, ನಾಡಿ ಭರ್ಜರಿಯಾಗಿ ಹೊಡೆಯುತ್ತಿತ್ತು. ಡೆಕ್ಕಿನ ಹಲಗೆಯ ಮೇಲೆ ಬೆರಳಿಟ್ಟೆ, ಅಲ್ಲೂ ಅಷ್ಟೇ ಭರ್ಜರಿ. ಸ್ಟೆತಸ್ಕೋಪು ಇಟ್ಟರೆ ಇಂಜಿನ್ನಿನ ಎದೆಬಡಿತ ಬಹಳ ಆರೋಗ್ಯವಾಗಿ ಕೇಳಿಸಿತು. ಗೇರು ತೆಗೆಸಿ ನೋಡಿದ್ದಾಯಿತು. ನಿಧಾನಗತಿಯಲ್ಲಿ ಬೋಟು ಇನ್ನೂ ಹೆಚ್ಚು ನಡುಗಿತು.

ಚುಕ್ಕಾಣಿ ಕೋಣೆಗೆ ಹೋದೆ.

"ಇಂಜಿನ್ ನಿಲ್ಲಿಸಬೇಕು. ಪೂರ್ತಿ."

ತಾಂಡೇಲ ನನ್ನನ್ನು ನೋಡಿದ. "ಪೊರ್ಬುಲೇ, ಬಿಸಿ ಆದ ಇಂಜಿನ್. ನಿಲ್ಲಿಸಿದ್ಮೇಲೆ ಸ್ಟಾರ್ಟ್ ಆಗದಿದ್ರೆ? ಸ್ಟಾರ್ಟ್ ಮಾಡುವವ ಅಲ್ಲಿ ಮಲಗಿದ್ದಾನೆ."

"ಗೊತ್ತುಂಟು."

"ಅವ ಹೋಗಿದ್ರೆ ಈಗ ನಿಲ್ಲಿಸಿ ಎಂತ ಪ್ರಯೋಜನ? ಹೋಗದಿದ್ರೆ ನಿಲ್ಲಿಸಿ ಕೊಲ್ಲುದಾ?"

ತರ್ಕ ಅವನ ಕಡೆಗಿತ್ತು. ನನ್ನ ಕಡೆಗಿದ್ದದ್ದು ಒಂದೇ: "ಆ ಹುಡುಗರು ನಂಬಿಕೆ ಬಿಟ್ಟಿದ್ದಾರೆ. ಇನ್ನು ದಡದವರೆಗೆ ಒತ್ತುದಿಲ್ಲ. ಜೀವ ಉಂಟೋ ಇಲ್ವೋ ಅಂತ ಒಮ್ಮೆ ಗೊತ್ತಾಗ್ಬೇಕು. ಅವರಿಗೂ, ನನ್ಗೂ."

ಅವನು ಮುಂದೆ ಕಡಲನ್ನು ನೋಡಿದ. ದಡದ ನೀಲಿ ಗೆರೆ ಆಗಷ್ಟೇ ಕಾಣತೊಡಗಿತ್ತು. ಕೈ ಚಾಚಿ ಇಂಜಿನ್ ನಿಲ್ಲಿಸಿದ.

ಬೋಟಿನಲ್ಲಿ ಇಂಜಿನ್ ನಿಂತಾಗ ಆಗುವ ಮೌನ ದಡದ ಮೌನದಂತಲ್ಲ. ಎರಡು ದಿನ ಹಲ್ಲಿನೊಳಗೆ ಕೂತಿದ್ದ ಸದ್ದು ಹೊರಟುಹೋಗಿ, ಮರದ ಮೈಗೆ ನೀರು ತಟ್ಟುವುದು ಕೇಳಿಸಿತು. ಭಾವ ಚೀಲ ಒತ್ತುವುದು, ಅದು ಸುಯ್ಯೆನ್ನುವುದು ಕೇಳಿಸಿತು. ನಾನು ಕುತ್ತಿಗೆಯ ಬದಿಗೆ ಎರಡು ಬೆರಳಿಟ್ಟು ಕಾದೆ. ಏನೂ ಇಲ್ಲ. ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದೆ. ನನ್ನದೇ ಬೆರಳ ನಾಡಿ ಇರಬಹುದೆಂದು ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು ನೋಡಿದೆ. ನನ್ನದು ಓಡುತ್ತಿತ್ತು. ಬೆರಳ ಕೆಳಗಿನದ್ದು ನಿಧಾನ, ಸಣ್ಣದು, ತನ್ನದೇ ಲೆಕ್ಕದಲ್ಲಿ ಹೋಗುವಂಥದ್ದು. ಬಂತು. ಬಹಳ ಹೊತ್ತಾಯಿತು ಅನ್ನಿಸುವಾಗ ಮತ್ತೊಂದು ಬಂತು.

"ಉಂಟು," ಎಂದೆ.

ಭಾವನ ಬೆರಳುಗಳನ್ನು ತಂದು ಅದೇ ಜಾಗದಲ್ಲಿ ಇಟ್ಟೆ. ಅವನು ಎರಡು ಬಡಿತಗಳಿಗೆ ಕಾದು, ಕೈ ತೆಗೆದು, ಚೀಲ ಹಿಡಿದುಕೊಂಡ.

"ಇನ್ನೊಂದು ವಿಷಯ," ಎಂದೆ. "ಇವನಿಗೆ ಎಲ್ಲ ಕೇಳ್ತದೆ. ಇಷ್ಟು ಹೊತ್ತೂ ಕೇಳ್ತಾ ಇದ್ದಾನೆ."

ಅಡುಗೆಯವನು ಬಾಯಿ ಮುಚ್ಚಿಕೊಂಡ.

ಇಂಜಿನ್ ಮೊದಲ ಸಲಕ್ಕೆ ನರಳಿ ಸುಮ್ಮನಾಯಿತು. ಎರಡನೆಯ ಸಲಕ್ಕೂ ಹಾಗೇ. ತಾಂಡೇಲ ತುಳುವಿನಲ್ಲಿ ಅದರ ತಾಯಿಯನ್ನು ನೆನೆದು ಮೂರನೆಯ ಸಲ ಒತ್ತಿದ. ಹೊಗೆ ಉಗುಳಿ ಹತ್ತಿಕೊಂಡಿತು.

ಅಲ್ಲಿಂದ ದಡದವರೆಗೆ ಯಾರಿಗೂ ಒತ್ತಲು ಹೇಳಬೇಕಾಗಲಿಲ್ಲ. ಕೇಳುತ್ತದೆಂದು ಗೊತ್ತಾದ ಮೇಲೆ ಅವರ ಮಾತು ಬದಲಾಯಿತು. ಅಡುಗೆಯವನು ಬಂದು ಡ್ರೈವರನ ಕಿವಿಯ ಹತ್ತಿರ, "ನಾನು ಹೆಣ ಅಂದದ್ದು ಬಾಯಿತಪ್ಪಿ ಬಂದದ್ದು, ಮನಸ್ಸಿಗೆ ಹಚ್ಚಿಕೊಳ್ಬೇಡ," ಎಂದ. ಇನ್ನೊಬ್ಬ ಕಲಾಸಿ, ಡ್ರೈವರನಷ್ಟು ಒಳ್ಳೆಯ ಮನುಷ್ಯ ಇಡೀ ಧಕ್ಕೆಯಲ್ಲಿ ಇಲ್ಲವೆಂದು ಭಾಷಣ ಶುರುಮಾಡಿದ. ಭಾವನಿಗೆ ಅದು ಸರಿಬರಲಿಲ್ಲ.

"ಹಾಗೆಲ್ಲ ಹೊಗಳ್ಬೇಡಿ ಮಾರಾಯ್ರೇ, ನಿಜವಾಗ್ಲೂ ಸತ್ತೆ ಅಂತ ಗ್ರಹಿಸ್ತಾನೆ." ಆಮೇಲೆ ಡ್ರೈವರನಿಗೆ ಹೇಳಿದ, "ಕೇಳು ಭಾವ. ಅಕ್ಕನ ಮುಂದೆ ನಾನೊಬ್ನೇ ನಿಲ್ಲುದಿಲ್ಲ. ಬಯ್ಗಳ ತಿನ್ಲಿಕ್ಕೆ ನೀನೂ ಬರ್ಬೇಕು. ಸುಮ್ನೆ ಮಲಗಿ ತಪ್ಪಿಸ್ಕೊಳ್ಳುದು ಬೇಡ." ಬೋಟು ಎದ್ದಾಗ ಒತ್ತಿದ, ಇಳಿದಾಗ ಬಯ್ದ. ಅಳಿವೆಬಾಗಿಲಿನವರೆಗೂ ಹಾಗೇ ಬಯ್ಯುತ್ತ ಉಸಿರು ಕೊಟ್ಟ.

ಧಕ್ಕೆಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಮೀನಿನ ಲಾರಿಗಳ ನಡುವೆ ಆಂಬುಲೆನ್ಸಿಗೆ ಜಾಗ ಮಾಡಿಸಿ ಇಟ್ಟಿದ್ದರು. ಮಾಲೀಕರೂ ನಿಂತಿದ್ದರು. ಬಲೆ ಎಲ್ಲಿ ಎಂದು ಅವರು ಕೇಳಲಿಲ್ಲ, ತಾಂಡೇಲನೂ ಹೇಳಲಿಲ್ಲ. ಆಂಬುಲೆನ್ಸಿನವನು ಚೀಲವನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ಭಾವನ ಬೆರಳುಗಳು ಬಿಡಿಸಲಾಗದಷ್ಟು ಸೆಟೆದಿದ್ದವು. ಒಂದೊಂದಾಗಿ ಬಿಡಿಸಿದೆವು. ಗಟ್ಟಿ ನೆಲದ ಮೇಲೆ ಕಾಲಿಟ್ಟ ನಾನು ಅಲ್ಲಿದ್ದ ಐಸಿನ ಪೆಟ್ಟಿಗೆ ಹಿಡಿದುಕೊಂಡು, ಮಾಲೀಕರ ಸಮ್ಮುಖದಲ್ಲಿ, ಕೊನೆಯ ಬಾರಿಗೆ ವಾಂತಿ ಮಾಡಿದೆ.

ಆಸ್ಪತ್ರೆಯಲ್ಲಿ ಯಂತ್ರ ಅವನ ಪರವಾಗಿ ಉಸಿರಾಡಿತು. ಮರುದಿನ ಬೆರಳು ಅಲುಗಿತು, ಅದರ ಮರುದಿನ ಗಂಟಲಿಗೆ ಹಾಕಿದ್ದ ನಳಿಕೆ ತೆಗೆದರು. ವಾರ್ಡಿಗೆ ಹಾಕಿದ ಮೇಲೆ ನೋಡಲು ಹೋದೆ. ಅವನ ಹೆಂಡತಿ ಗಂಜಿ ಕುಡಿಸುತ್ತಿದ್ದಳು. ಭಾವ ಬಾಗಿಲ ಬಳಿ, ಬಯ್ಗಳ ತಿಂದು ಮುಗಿಸಿದವನ ನೆಮ್ಮದಿಯಲ್ಲಿ, ನಿಂತಿದ್ದ. ಡ್ರೈವರನ ಸ್ವರ ಇನ್ನೂ ಒಡೆದಿತ್ತು.

"ಎಲ್ಲ ಕೇಳಿಸ್ತಿತ್ತು ಪೊರ್ಬುಲೇ. ಹೆಣ ಅಂದದ್ದೂ, ಹೊಗಳಿದ್ದೂ. ಇವ ಬಯ್ದದ್ದೂ. ಅದೆಲ್ಲ ಪರ್ವಾಗಿಲ್ಲ." ಒಂದು ಗುಟುಕು ಗಂಜಿ ನುಂಗಿದ, ನುಂಗುವುದನ್ನು ನಾನು ಗಮನಿಸಿ ನೋಡಿದೆ. "ನೀವು ಇಂಜಿನ್ ಬಂದ್ ಮಾಡ್ಸಿದ್ರಲ್ಲ, ಆಗ ಮಾತ್ರ ಗ್ಯಾರಂಟಿ ಆಯ್ತು. ಕಣ್ಣು ಇಲ್ಲ, ಕೈ ಇಲ್ಲ, ಈಗ ಇಂಜಿನೂ ಇಲ್ಲ. ಸತ್ರೆ ಹೀಗೇ ಆಗುದು ಅಂತ ಗ್ರಹಿಸಿದೆ. ಮತ್ತೆ ಬಹಳ ಹೊತ್ತು ಯಾರೂ ಮಾತಾಡ್ಲಿಲ್ಲ."

"ಹೌದು," ಎಂದೆ.

"ಮತ್ತೆ ನೀವು 'ಉಂಟು' ಅಂದ್ರಿ." ಅವನು ನನ್ನ ಮುಖ ನೋಡಿದ. "ಎಂತ ಉಂಟು ಅಂತ ನೀವು ಹೇಳ್ಳಿಲ್ಲ. ಆದ್ರೂ ನನ್ಗೆ ಸಾಕಾಯ್ತು."